ಬರೆಸದೆ ಬಿಟ್ಟ ಸೊನ್ನೆ

೯ ಅಕ್ಟೋಬರ್ ೨೦೦೪, ಶನಿವಾರ

ಎಲೆಕೋಸು ಹೆಚ್ಚಿ ಮುಗಿಯಿತು. ನಲವತ್ತು ಕಿಲೋ. ಹುಳಿ ಬರಲೆಂದು ಪೀಪಾಯಿಗೆ ತುಂಬಿ ಮೇಲೆ ಕಲ್ಲು ಹೇರಿದ್ದೇನೆ. ಉಪ್ಪು ನಾನೇ ಹಾಕಿದೆ. ಸೊಸೆ ಇವೋನಾಳ ಕೈಗೆ ಬಿಟ್ಟರೆ ಕ್ರಿಸ್‌ಮಸ್ಸಿಗೆ ಕೊಳೆತ ಕೋಸೇ ಗತಿ. ಮಗ ರಾದೆಕ್ ಲಾರಿ ತೆಗೆದುಕೊಂಡು ಜರ್ಮನಿಗೆ ಹೋಗಿದ್ದಾನೆ. ಬರುವುದು ನವೆಂಬರ್ ಕೊನೆಗೆ.

ಮೊಮ್ಮಗಳು ತೋಶಿಯಾಗೆ ಮತ್ತೆ ಕೆಮ್ಮು. ಬೇಸಿಗೆಯಿಂದ ನಾಲ್ಕನೇ ಸಲ. ಆರು ವರ್ಷ, ನೋಡಿದರೆ ನಾಲ್ಕು. ಹೊಸ ಟೋಪಿ ಹೆಣೆದೆ. ಉಣ್ಣೆಯದು, ಒಳಗೆ ಎರಡು ಪದರ... ತಲೆ ಒಂದಿಷ್ಟು ದೊಡ್ಡದಾಗಿ ಕಾಣಲಿ.

"ಮನೆಯೊಳಗೂ ಯಾಕತ್ತೆ ಟೋಪಿ? ಬೆವರ್ತಾಳೆ."

"ನಮ್ಮ ವಂಶದಲ್ಲಿ ಎಲ್ಲರ ತಲೆಯೂ ಈ ಕೋಸಿನಷ್ಟಿದೆ. ಈ ಅಕ್ರೋಟು ಎಲ್ಲಿಂದ ಬಂತೋ! ನಿಮ್ಮಪ್ಪ ಕುಡಿದ ವೋದ್ಕಾ ಮೂರು ತಲೆಮಾರಿಗಾಗುತ್ತೆ."

"ಕೋಸು ದಪ್ಪಗಿದ್ರೆ ಆಯ್ತಾ? ಒಳಗೆ ಹುಳ ಇದ್ಯೋ ಏನೋ ನೋಡ್ಬೇಡ್ವಾ?"

ಬಾಯಿ ಬಂದಿದೆ. ಈಗ ಎರಡು ತಿಂಗಳ ಬಸುರಿ ಬೇರೆ.

೧೨ ಅಕ್ಟೋಬರ್

ತಲೆ ಬಾಚುವಾಗ ತೋಶಿಯಾಳ ಕತ್ತಿಗೆ ಕೈ ತಾಗಿತು. ಗಂಟು. ನೋವಿಲ್ಲವಂತೆ. ಎಡಗಡೆ.

ಅದೂ ಎಡಗಡೆಯೇ.

ಇವತ್ತು ಬೇರೇನೂ ಬರೆಯಲಾರೆ.

೨೧ ಅಕ್ಟೋಬರ್, ಗುರುವಾರ

ಕ್ರಾಕೋವಿನ ಆಸ್ಪತ್ರೆಗೆ ಹೋಗಿ ಬಂದೆವು. ಗಂಟಿನಿಂದ ಚೂರು ತೆಗೆದರು, ರಕ್ತ ತೆಗೆದರು. ತೋಶಿಯಾ ಅಳಲಿಲ್ಲ. ಈ ವಿಷಯದಲ್ಲಿ ನಮ್ಮ ಮನೆಯವಳೇ.

ಡಾಕ್ಟರ್ ಚಿಕ್ಕ ವಯಸ್ಸಿನವಳು. ಟೋಪಿ ತೆಗೆಸಿದಳು. ಬಹಳ ಹೊತ್ತು ಮಗುವಿನ ಮುಖ ನೋಡಿದಳು. ಆಮೇಲೆ ಹಾಳೆ ಎಳೆದುಕೊಂಡು ವಂಶದ ಚಿತ್ರ ಬರೆಯತೊಡಗಿದಳು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ.

"ನೋಡಿ ಅಮ್ಮ, ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಅಂತ ಉದ್ದನೆ ದಾರ ಇದೆ. ಅದು ದಿನಾ ಕಿತ್ತು ಹೋಗುತ್ತೆ, ಕೋಶ ದಿನಾ ಜೋಡಿಸಿಕೊಳ್ಳುತ್ತೆ. ಕಿತ್ತ ಎರಡು ತುದಿ ಹಿಡ್ಕೊಳ್ಳೋಕೆ ಒಂದು ಕೈ ಬೇಕಲ್ಲ? ಕೆಲವು ಮಕ್ಕಳಲ್ಲಿ ಆ ಕೈಯೇ ಮೊಂಡು. ಅಂಥವರಿಗೆ ಎಕ್ಸ್‌ರೇ ಅಂದ್ರೆ ವಿಷ. ಕಿತ್ತುಹಾಕುತ್ತೆ, ಜೋಡಿಸೋರಿಲ್ಲ."

ಎಕ್ಸ್‌ರೇ ವಿಷವಂತೆ! ಕ್ಷಯ ತಪಾಸಣೆಯ ಎಕ್ಸ್‌ರೇ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಹೆಸರು ಬರೆದವಳು ನಾನು.

"ಇವೋನಾ ಕಡೆಯಿಂದ ಬಂದಿರಬೇಕು" ಎಂದೆ.

"ಒಬ್ಬರಿಂದ ಬರಲ್ಲಮ್ಮ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕು. ನಿಮ್ಮನೇಲಿ ಇಂಥ ಸಣ್ಣ ತಲೆಯ ಮಗು ಯಾವುದಾದ್ರೂ ಇತ್ತಾ? ಚಿಕ್ಕದ್ರಲ್ಲೇ ತೀರಿಕೊಂಡಿದ್ದು?"

"ಇಲ್ಲ."

"ರಾದೆಕ್ ಒಬ್ಬನೇ ಮಗನಾ?"

"ಒಬ್ಬನೇ."

ಒಂದು ಚೌಕ ಬರೆದಳು. ಪೆನ್ಸಿಲ್ ಮುಂದೆ ಹೋಯಿತು.

೨೮ ಅಕ್ಟೋಬರ್

ಡಾಕ್ಟರ್ ಫೋನು. ಗಂಟು ಕ್ಯಾನ್ಸರ್. ಬುಧವಾರ, ಮೂರನೇ ತಾರೀಕು, ಸಿಟಿ ಸ್ಕ್ಯಾನ್. ಆಮೇಲೆ ಔಷಧಿ, ಜೊತೆಗೆ ಕಿರಣ ಚಿಕಿತ್ಸೆ. ಸ್ಕ್ಯಾನ್ ಕೂಡ ಎಕ್ಸ್‌ರೇಯೇ, ಬಹಳ ಸಲ ತೆಗೆದಷ್ಟು. ರಕ್ತದ ವರದಿಗೆ ಇನ್ನೂ ಮೂರು ವಾರ ಬೇಕು, ಗಂಟು ಅಷ್ಟು ದಿನ ಕಾಯದು.

"ನನಗೆ ಅನುಮಾನ ಇದೆ. ಆದ್ರೆ ದೊಡ್ಡ ಡಾಕ್ಟರು, ಬರೀ ಮುಖ ನೋಡಿ ಚಿಕಿತ್ಸೆ ಬದಲಾಯಿಸೋಕಾಗಲ್ಲ ಅಂತಾರೆ. ಮನೆತನದಲ್ಲಿ ಒಂದೇ ಒಂದು ಮಗು ಹೀಗಿತ್ತು ಅಂದ್ರೂ ಅವರು ಕೇಳ್ತಾರೆ. ಇನ್ನೊಂದ್ಸಲ ಯೋಚನೆ ಮಾಡಿ ಅಮ್ಮ."

"ಯೋಚನೆ ಮಾಡೋಕೇನಿದೆ" ಎಂದು ಫೋನು ಇಟ್ಟೆ.

ಇವೋನಾ ಗೋಡೆಗೆ ಒರಗಿ ನಿಂತಿದ್ದಳು. "ನಮ್ಮಪ್ಪನ ವೋದ್ಕಾನೇ ಇರಬೇಕತ್ತೆ" ಎಂದಳು. ಈ ಸಲ ತಮಾಷೆಯಲ್ಲ.

ನಾನು ಅಲ್ಲ ಎನ್ನಲಿಲ್ಲ.

೧ ನವೆಂಬರ್, ಸೋಮವಾರ. ಸಂತರ ಹಬ್ಬ

ಪ್ರತಿವರ್ಷ ಇವತ್ತು ಎಲ್ಲರೊಂದಿಗೆ ಗಂಡನ ಸಮಾಧಿಗೆ ದೀಪ ಹಚ್ಚಿ, ಆಮೇಲೆ ಒಬ್ಬಳೇ ಬಸ್ಸು ಹತ್ತಿ ನಮ್ಮ ಹಳೆಯ ಊರಿಗೆ ಹೋಗುತ್ತೇನೆ. ಹಳೆಯ ಗೆಳತಿಯ ಸಮಾಧಿ ಎಂದು ಹೇಳಿದ್ದೇನೆ. ಈ ಸಲ ಇವೋನಾಗೆ ವಾಂತಿ, ಹಾಸಿಗೆ ಬಿಟ್ಟು ಏಳಲಿಲ್ಲ. ತೋಶಿಯಾಳನ್ನು ಕರೆದೊಯ್ಯದೆ ವಿಧಿಯಿಲ್ಲ. ಸ್ಮಶಾನದ ಗೇಟಿನ ಹತ್ತಿರ ಹೂ ಮಾರುವವಳ ಬಳಿ ಕೂರಿಸಿ, ಅಲ್ಲಾಡಬೇಡ ಎಂದೆ.

ಸೇವಂತಿಗೆಯ ಕಾಂಡ ಕತ್ತರಿಸುತ್ತಿದ್ದೆ. ಬೆನ್ನ ಹಿಂದೆ ದನಿ.

"ಅಜ್ಜೀ, ನನ್ನ ಫೋಟೋ ಇಲ್ಯಾಕೆ ಅಂಟಿಸಿದೀರಿ?"

ಕಲ್ಲಿನ ಮೇಲಿನ ಪಿಂಗಾಣಿ ಫೋಟೋ. ಅದೇ ಕಿರಿದಾದ ಹಣೆ, ಅದೇ ಮುಂದೆ ಬಂದ ಮೂಗು. ಅದೇ ಎರಡು ಪದರದ ಟೋಪಿ.

ಲಿದ್ಕಾ. ನನ್ನ ಮೊದಲ ಮಗಳು. ೧೯೬೬–೧೯೭೪. ಮೂವತ್ತು ವರ್ಷದಿಂದ ಈ ಹೆಸರನ್ನು ಇಲ್ಲೂ ಬರೆದಿಲ್ಲ.

ಕುಡುಕಿಯ ಮಗು ಎಂದು ಜನ ಆಡಿಕೊಂಡರು. ನಾನು ಒಂದು ಹನಿ ಮುಟ್ಟಿದವಳಲ್ಲ. ಅವಳು ಹೋದ ಮೇಲೆ ಊರು ಬಿಟ್ಟೆವು. ಆಸ್ಪತ್ರೆಯ ಕಾಗದ ಒಲೆಗೆ ಹಾಕಿದೆ. ಎರಡು ವರ್ಷಕ್ಕೆ ರಾದೆಕ್ ಹುಟ್ಟಿದ, ಅವನಿಗೂ ಹೇಳಲಿಲ್ಲ.

ಅವಳಿಗೂ ಕತ್ತಿನಲ್ಲಿ ಗಂಟು. ಎಡಗಡೆ. ಕಿರಣ ಕೊಟ್ಟರು. ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದುಬಂತು. ಹನ್ನೊಂದನೇ ದಿನ...

ಅದಕ್ಕೂ ಮುಂಚೆ ಆ ಎಕ್ಸ್‌ರೇ ಬಸ್ಸು. ಜನ ಎಕ್ಸ್‌ರೇಗೆ ಹೆದರುತ್ತಿದ್ದರು. ಹಳ್ಳಿಹಳ್ಳಿಯಲ್ಲೂ ಮೊದಲು ನನ್ನ ಮಗಳನ್ನೇ ಹತ್ತಿಸುತ್ತಿದ್ದೆ. "ನೋಡಿ, ನನ್ನ ಲಿದ್ಕಾಗೆ ಏನಾಯ್ತು? ಏನೂ ಆಗ್ಲಿಲ್ಲ!" ಎಂದು ಕೂಗುತ್ತಿದ್ದೆ. ಅವಳು ತಣ್ಣನೆಯ ತಗಡಿಗೆ ಎದೆ ಒತ್ತಿ, ನನ್ನ ಕಡೆ ನೋಡಿ ನಗುತ್ತಿದ್ದಳು. ಎಷ್ಟು ಹಳ್ಳಿ, ಎಷ್ಟು ಸಲ—

ಹೂವಿನ ಚಾಕುವಿನಿಂದ ಫೋಟೋ ಮೀಟಿ ತೆಗೆದೆ. ಅಂಚು ಒಂದು ಕಡೆ ಮುರಿಯಿತು. ಹಬ್ಬದ ದಿನ ಸಮಾಧಿ ಕೀಳುವ ಮುದುಕಿಯನ್ನು ಜನ ನಿಂತು ನೋಡಿದರು. ನೋಡಲಿ.

"ಇದು ಯಾರಜ್ಜಿ?"

"ನಿನ್ನ ಅತ್ತೆ."

"ಅವಳಿಗೂ ನೀವೇ ಟೋಪಿ ಹಾಕಿದ್ದಾ?"

೨ ನವೆಂಬರ್, ಬೆಳಿಗ್ಗೆ ಐದೂವರೆ

ಕ್ರಾಕೋವ್ ಬಸ್ಸು ಆರು ಹತ್ತಕ್ಕೆ. ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಡಾಕ್ಟರಿಗೆ ಏನು ಹೇಳಬೇಕೆಂದು ಗೊತ್ತು: ರಾದೆಕ್‌ನ ಚೌಕದ ಪಕ್ಕದಲ್ಲಿ ಒಂದು ಸೊನ್ನೆ ಬರೆಯಿರಿ, ನಾಳೆಯ ಸ್ಕ್ಯಾನ್ ನಿಲ್ಲಿಸಿ. ದೊಡ್ಡ ಡಾಕ್ಟರ್ ಒಪ್ಪದಿದ್ದರೆ ಅವನ ಬಾಗಿಲಲ್ಲೇ ಕೂರುತ್ತೇನೆ.

ಅದು ಸುಲಭ. ಡಾಕ್ಟರು ಹೊರಗಿನವರು.

ಮೆಟ್ಟಿಲ ಮೇಲೆ ಇವೋನಾಳ ಚಪ್ಪಲಿ ಸದ್ದು. ಹೊಟ್ಟೆಯಲ್ಲಿ ಇನ್ನೊಂದು ಮಗು ಇಟ್ಟುಕೊಂಡು ಇಳಿಯುತ್ತಿದ್ದಾಳೆ. ಮೊದಲು ತಿಳಿಯಬೇಕಾದವಳು ಅವಳು. ಫೋಟೋ ಮೇಜಿನ ಮೇಲೆ ಬೋರಲಾಗಿತ್ತು. ಮುಖ ಮೇಲೆ ಮಾಡಿ ಇಟ್ಟಿದ್ದೇನೆ.

"ಇಷ್ಟು ಬೇಗ ಎಲ್ಲಿಗತ್ತೆ?"

ಇಲ್ಲಿ ಕೂತ್ಕೋ ಇವೋನಾ, ನಿಮ್ಮಪ್ಪನದೇನೂ ತಪ್ಪಿಲ್ಲ ಎಂದು—