ಕಣ್ಣಿಗೊತ್ತಿದ ರಾಗಿ

ಜನ್ನಾಪುರ, ಭದ್ರಾವತಿ
5-5-2002, ಭಾನುವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ನೀನು ಕೆಲಸಕ್ಕಿರುವ ಆ ಮನೆಯಲ್ಲಿ ನೆಲದ ಮೇಲೆ ಕೂತು ಏಳುವುದು ಜಾಸ್ತಿಯಾಗಿದೆ ಎಂಬುದನ್ನು ನಾನೇ ನೋಡಿ ಬಂದಿದ್ದೇನೆ. ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಇಲ್ಲ ಹಾಗೇ ಮಲಗಿಬಿಡುತ್ತೀಯೋ? ಇಲ್ಲಿ ಅಜ್ಜಿಗೆ ಕೆಮ್ಮು ಕಡಿಮೆಯಾಗಿದೆ, ಬೈಗುಳ ಕಡಿಮೆಯಾಗಿಲ್ಲ. ಅಪ್ಪನಿಗೆ ಗುತ್ತಿಗೆ ಕೆಲಸ ಒಂದು ವಾರ ಇದ್ದರೆ ಇನ್ನೊಂದು ವಾರ ಇರುವುದಿಲ್ಲ. ನಾನೂ ಚೆನ್ನಾಗಿದ್ದೇನೆ ಎಂದು ಈ ಜಾಗದಲ್ಲಿ ಬರೆಯಬೇಕು. ಆದರೆ ಚೆನ್ನಾಗಿಲ್ಲ, ಅದಕ್ಕೆ ಬರೆಯುವುದಿಲ್ಲ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀಯ ಎಂದು ದೊಡ್ಡದಾಗಿ ಬರೆಯುತ್ತಿದ್ದೇನೆ. ನಿಧಾನವಾದರೂ ಪರವಾಗಿಲ್ಲ, ನೀನೇ ಓದು. ಸೌಂದರ್ಯ ಮೇಡಂ ಕೈಯಲ್ಲಿ ಓದಿಸಬೇಡ.

ಮೇಡಂ ಯಜಮಾನರಿಗೆ ಬೆಳಗಾವಿಗೆ ವರ್ಗವಾಗಿದೆ, ಮುಂದಿನ ತಿಂಗಳು ದುರ್ಗಿಗುಡಿ ಮನೆ ಖಾಲಿ ಮಾಡುತ್ತಾರೆ, ಅವರ ಮಗಳು ರಶ್ಮಿಯನ್ನು ನೋಡಿಕೊಳ್ಳಲು ನನ್ನನ್ನೂ ಕರೆಯುತ್ತಿದ್ದಾರೆ, ಹೋಗಲೋ ಬೇಡವೋ ನೀವೇ ಹೇಳಿ ಎಂದು ನೀನು ಕೇಳಿ ಕಳಿಸಿದ್ದೆ. ಅಪ್ಪ ಬೀಡಿ ಹಚ್ಚಿ ಬಾಗಿಲಲ್ಲಿ ಕೂತು ನನಗೆ ಹೇಳಿದ: "ಬರಿಯೇ. ನಾವೆಲ್ಲ ಆರಾಮಾಗಿದೀವಿ, ಯೋಚ್ನೆ ಮಾಡ್ಬೇಡ, ಹೋಗಿ ಬಾ ಅಂತ ಬರಿ." ಇಗೋ, ಬರೆದೆ. ಆ ಸಾಲು ಅಪ್ಪನದು. ಇನ್ನು ಮುಂದಿನದೆಲ್ಲ ನನ್ನದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೂತಿನಿಂದ ಮಾಡಿದಾಗೆಲ್ಲ ಮೊದಲು ಮೇಡಂ ಎತ್ತುತ್ತಾರೆ, ಆಮೇಲೆ ನೀನು ಬರುತ್ತೀಯ, ನಿನ್ನ ಜೊತೆಗೇ ರಶ್ಮಿಯೂ ಬರುತ್ತಾಳೆ. "ಯಾರು ಅವ್ವಾ? ಯಾರು ಅವ್ವಾ? ನಂಗೂ ಕೊಡು" ಎಂದು ಅವಳು ನಿನ್ನ ಸೆರಗು ಎಳೆಯುವುದು ನನಗೆ ಇಲ್ಲಿಗೆ ಕೇಳಿಸುತ್ತದೆ. ಅವಳಿಗೆ ಮಮ್ಮಿ ಅಂತ ಬೇರೆ ಒಬ್ಬರಿದ್ದಾರೆ. ಎರಡೆರಡು ಇಟ್ಟುಕೊಂಡಿದ್ದಾಳೆ. ನನಗಿರುವುದು ಒಂದು, ಅದೂ ಆ ಮನೆಯಲ್ಲಿ.

ಯುಗಾದಿ ಕಳೆದ ಮೇಲೆ ಅಜ್ಜಿ ಮಾಡಿದ ಚಟ್ನಿಪುಡಿ ಕೊಡಲು ಒಂದು ಶನಿವಾರ ಹೇಳದೆ ಕೇಳದೆ ಬಂದಿದ್ದೆನಲ್ಲ, ಆ ದಿನದ್ದು ಹೇಳುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ನೀನು ಜಗಲಿಯ ಮೇಲಿದ್ದೆ, ನಾನು ಗೇಟಿನ ಹತ್ತಿರ ಇದ್ದೆ. ಅಲ್ಲಿಂದ ಬೇರೆ ಥರ ಕಾಣುತ್ತದೆ. ಬೇಸಿಗೆ ರಜೆಯೆಂದು ಮೇಡಂ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ ಕೈಕೆಲಸ ಹೇಳಿಕೊಡುತ್ತಿದ್ದರು. ಆವತ್ತು ಆ ಲೋಳೆ. ಅವರು ಸ್ಲೈಮ್ ಅನ್ನುತ್ತಿದ್ದರು. ಕುರ್ಚಿಯಲ್ಲಿ ಕೂತು ಚೀಟಿ ನೋಡಿ ಓದುವುದು ಅವರು, ಮಾಡುವುದು ನೀನು. ಸ್ಟೀಲ್ ಬೇಸಿನ್ನಿನಲ್ಲಿ ಬಿಳಿ ಗೋಂದು, ಅದಕ್ಕೆ ನೀರು, ಹಸಿರು ಬಣ್ಣ. ಅಕ್ಕಸಾಲಿಗರು ಬೆಸುಗೆಗೆ ಹಾಕುವ ಬಿಳಿಗಾರವನ್ನು ಬಿಸಿನೀರಿನಲ್ಲಿ ಕರಗಿಸಿಟ್ಟು, ಚಮಚ ಚಮಚವಾಗಿ ಬಿಡುತ್ತ ನೀನು ಕಲೆಸುತ್ತಿದ್ದೆ. ಮೊದಲು ಬೆರಳಿಗೆ ಮೆತ್ತಿಕೊಳ್ಳುತ್ತಿದ್ದದ್ದು ನೋಡುನೋಡುತ್ತ ಬೇಸಿನ್ ಬಿಟ್ಟುಕೊಂಡು ಒಂದೇ ಮುದ್ದೆಯಾಗಿ ನಿನ್ನ ಕೈಯಿಂದ ಜೋತು ಬಿತ್ತು. ಮಕ್ಕಳು ಹೋ ಎಂದು ಕೂಗಿದವು. ನೀನು "ಕೈ ಹಾಕ್ರೋ, ಕಚ್ಚಲ್ಲ ಅದು" ಎಂದು ನಕ್ಕೆ. ಹಲ್ಲು ಕಾಣುವ ಹಾಗೆ ನಕ್ಕೆ. ಆ ನಗು ನಮ್ಮ ಮನೆಗೆ ನೀನು ತಿಂಗಳಿಗೊಂದು ಭಾನುವಾರ ಬಂದಾಗ ಚೀಲದಲ್ಲಿ ತರುವುದಿಲ್ಲ.

ಆಮೇಲೆ ಮೇಡಂ, ಮುಟ್ಟಿದರೆ ಒಂದೊಂದು ಒಂದೊಂದು ಥರ ಅನ್ನಿಸಬೇಕು, ಅದಕ್ಕೆ ಏನಾದರೂ ಕಾಳು ಬೆರೆಸೋಣ ಅಂದರು. ಒಂದಕ್ಕೆ ರಂಗೋಲಿ ಪುಡಿ, ಒಂದಕ್ಕೆ ಥರ್ಮಾಕೋಲ್ ಕಾಳು, ಒಂದಕ್ಕೆ ಸಾಬಕ್ಕಿ. ರಶ್ಮಿ ಮಾತ್ರ "ಅವ್ವಾ, ನಂಗೆ ರಾಗಿ" ಅಂದಳು. ನೀನು ಒಂದು ಮುಷ್ಟಿ ರಾಗಿ ತೆಗೆದುಕೊಂಡು, ಎರಡು ಕಣ್ಣಿಗೂ ಒತ್ತಿಕೊಂಡು, ಲೋಳೆಗೆ ಸುರಿದೆ. ನಿನಗೆ ಅದು ರೂಢಿ, ಕಾಳು ಚೆಲ್ಲುವ ಮುಂಚೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಆದರೆ ದುರ್ಗಿಗುಡಿಯ ಮಕ್ಕಳಿಗೆ ಅದೇನು ಗೊತ್ತು? ಸಾಲಾಗಿ ಕೂತಿದ್ದವರೆಲ್ಲ ರಂಗೋಲಿ ಪುಡಿಯನ್ನೂ ಥರ್ಮಾಕೋಲನ್ನೂ ಕಣ್ಣಿಗೆ ಒತ್ತಿಕೊಳ್ಳಲು ಶುರುಮಾಡಿದರು. ಮೇಡಂ ಗಾಬರಿಯಾಗಿ, "ಅಯ್ಯೋ ಕಣ್ಣು, ಕಣ್ಣು! ಅದೆಲ್ಲ ಚೀಟೀಲಿ ಇಲ್ಲ ಕಣ್ರೋ" ಅಂದರು. ಕನ್ನಡಕದ ಹುಡುಗನೊಬ್ಬ, "ಒತ್ಕೊಳ್ದಿದ್ರೆ ಗಟ್ಟಿ ಆಗಲ್ಲ ಆಂಟಿ" ಅಂದ. ಎಲ್ಲರೂ ನಕ್ಕರು. ಚಪ್ಪಲಿ ಬಿಡದೆ ನಿಂತಿದ್ದ ನಾನೊಬ್ಬಳು ನಗಲಿಲ್ಲ.

ಯಾಕೆಂದು ನಿನಗೆ ನೆನಪಿದೆಯೋ ಇಲ್ಲವೋ. ನಾನು ಚಿಕ್ಕವಳಿದ್ದಾಗ ನೀನು ರೊಟ್ಟಿಗೆ ಕಲೆಸಿಟ್ಟ ರಾಗಿಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟು ಕದ್ದು ಹಕ್ಕಿ ಮಾಡಿದ್ದೆ. ಕೊಕ್ಕು ಕೂಡ ಮಾಡಿದ್ದೆ. ನೀನು ಮಗಚುವ ಕೈಯಿಂದ ನನ್ನ ಕೈಮೇಲೆ ಹೊಡೆದೆ. "ತಿನ್ನೋ ಅನ್ನದ ಜೊತೆ ಆಟ ಆಡ್ತೀಯೇನೇ? ಹೊಟ್ಟೆಗೆ ಬೇಡ್ವಾ ನಿಂಗೆ?" ಅಂದೆ. ಹಕ್ಕಿಯನ್ನು ಚಪ್ಪಟೆ ಮಾಡಿ ತವೆಗೆ ಹಾಕಿ ನನಗೇ ತಿನ್ನಿಸಿದೆ. ಹೊಡೆದದ್ದಕ್ಕೆ ಬೇಜಾರಿಲ್ಲ ಅವ್ವಾ, ಆಗ ಮನೆಯಲ್ಲಿ ಹಿಟ್ಟು ಎಷ್ಟಿರುತ್ತಿತ್ತು ಎಂದು ನನಗೂ ಗೊತ್ತು. ಆದರೆ ನೆಲದ ಮೇಲೆ ಬಿದ್ದ ಒಂದು ಕಾಳನ್ನೂ ಬಿಡದೆ ಹೆಕ್ಕುವವಳು ಅಲ್ಲಿ ಮುಷ್ಟಿ ತುಂಬ ರಾಗಿಯನ್ನು ಗೋಂದಿಗೆ ಸುರಿದು ನಗುತ್ತಿದ್ದಳಲ್ಲ, ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಇದನ್ನು ನಾಜೂಕಾಗಿ ಹೇಳಲು ನನಗೆ ಬರುವುದಿಲ್ಲ. ಐದು ವರ್ಷದ ಮಗುವಿನ ಮೇಲೆ ಹದಿನೇಳು ವರ್ಷದವಳಿಗೆ ಹೊಟ್ಟೆಕಿಚ್ಚು. ನಾಚಿಕೆಯೂ ಆಯಿತು, ಉರಿಯುವುದು ಮಾತ್ರ ನಿಲ್ಲಲಿಲ್ಲ.

ಮನೆಗೆ ಬಂದವಳೇ ನಿನಗಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ ಎಂದು ಹೊರಟೆ. ಎದುರು ಮನೆಯ ಬಡಗಿ ಕರಿಯಣ್ಣನ ಹತ್ತಿರ ಡಬ್ಬಿಯ ತಳದ ಗೋಂದು ಕೇಳಿದೆ. "ಬಾಯಿಗೆ ಹಚ್ಕೊಳಕ್ಕಾ ಮಾರಾಯ್ತಿ? ಹಂಗಾದ್ರೆ ಪೂರ್ತಿ ಡಬ್ಬಿ ತಗೊ, ಬೀದಿ ತಣ್ಣಗಿರತ್ತೆ" ಅಂದ, ಕೊಟ್ಟ. ಬಿಳಿಗಾರ ಇರಲಿಲ್ಲ. ಅಪ್ಪ ಗಡ್ಡ ಹೆರೆದ ಮೇಲೆ ಉಜ್ಜುವ ಪಟಿಕ ಇತ್ತು. ಅದೂ ಬೆಳ್ಳಗಿದೆ, ಕಲ್ಲಿನ ಹಾಗಿದೆ, ಅದೇ ಸಾಕು ಎಂದು ಕುಟ್ಟಿ ಕರಗಿಸಿ ಹಾಕಿದೆ. ಎಷ್ಟು ಕಲೆಸಿದರೂ ಅದು ಗಂಜಿಯ ಹಾಗೇ ಇತ್ತು. ಅಜ್ಜಿ ಪಕ್ಕದಲ್ಲಿ ಕೂತು, "ಏನೇ ಅದು? ನಿಮ್ಮವ್ವ ಇದನ್ ಕಲ್ಸಕ್ಕೆ ಸಂಬಳ ತಗತಾಳಾ?" ಎಂದು ಕೇಳಿದಳು. ಮಾರನೇ ದಿನ ಗ್ರಂಧಿಗೆ ಅಂಗಡಿಗೆ ಹೋಗಿ ಬಿಳಿಗಾರವನ್ನೇ ತಂದೆ. ಆವಾಗ ಬಂತು ನೋಡು. ಎಳೆದರೆ ಎಳೆ, ಬಿಟ್ಟರೆ ಉಂಡೆ. ಅಜ್ಜಿ ಕೈ ಹಾಕಿ, "ಥೂ, ಆಗ್ ಹುಟ್ಟಿದ್ ಎಮ್ಮೆ ಕರು ಮುಟ್ದಂಗೈತೆ" ಎಂದು ಬೈದು ಮತ್ತೆ ಕೈ ಹಾಕಿದಳು. ಕಾಳು ಬೆರೆಸಬೇಕಲ್ಲ ಎಂದು ರಾಗಿ ಡಬ್ಬಿ ತೆಗೆದೆ. ಮುಷ್ಟಿ ತುಂಬಿಕೊಂಡೆ. ಕಣ್ಣಿಗೂ ಒತ್ತಿಕೊಂಡೆ. ಆದರೆ ಹಾಕಲು ಕೈ ಬರಲಿಲ್ಲ. ಡಬ್ಬಿಗೇ ವಾಪಸ್ ಸುರಿದೆ. ನಿನ್ನಿಂದ ಸಾಧ್ಯವಾದದ್ದು ನನ್ನಿಂದ ಆಗಲಿಲ್ಲ. ಕೊನೆಗೆ ಕರಿಯಣ್ಣನ ಅಂಗಳದ ಮರದ ಹೊಟ್ಟನ್ನೂ ಜರಡಿ ಹಿಡಿದ ಮರಳನ್ನೂ ಬೆರೆಸಿದೆ. ಒಳ್ಳೆಯದಾಗಿತ್ತು ಅವ್ವಾ. ಹಿಚುಕಿದರೆ ಕರಕರ ಅನ್ನುತ್ತಿತ್ತು.

ಅದನ್ನೇ ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಮುಂದಿನ ಶನಿವಾರ ಬಂದೆ. ನಿನ್ನನ್ನು ನೋಡಲು ಬಂದೆ ಎಂದು ಆವತ್ತು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಸೋಲಿಸಲು ಬಂದೆ. ಮಕ್ಕಳು ನಿನ್ನ ಬೇಸಿನ್ ಬಿಟ್ಟು ನನ್ನ ಡಬ್ಬಿಗೆ ಮುತ್ತಿಕೊಂಡರು. ರಶ್ಮಿಯೂ ಮಣಿಕಟ್ಟಿನವರೆಗೆ ಕೈ ಹಾಕಿ, "ಅಕ್ಕಂದೇ ಚೆನ್ನಾಗಿದೆ" ಅಂದಳು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಒಂಬತ್ತನೇ ಕ್ಲಾಸಿನವರೆಗೂ ಯಾವ ಮೇಷ್ಟರೂ ನನಗೆ ಆ ಮಾತು ಹೇಳಿರಲಿಲ್ಲ. ಅಷ್ಟರಲ್ಲಿ ನೀನು ಅವಳ ಕೈ ಎಳೆದುಕೊಂಡೆ. "ಮರಳು ಹಾಕಿದೀಯೇನೇ? ಮಗೂ ಕೈ ತರಚಲ್ವಾ? ಬುದ್ಧಿ ಬೇಡ್ವಾ?" ಅಂದೆ. ನಲ್ಲಿಯ ಕೆಳಗೆ ಹಿಡಿದು ತೊಳೆದೆ, ಸೆರಗಿನಲ್ಲಿ ಒರೆಸಿದೆ, ಅಂಗೈಗೆ ಉಫ್ ಉಫ್ ಎಂದು ಊದಿದೆ. ಅಲ್ಲಿ ಒಂದು ಗೀರೂ ಇರಲಿಲ್ಲ. ವಾರವೆಲ್ಲ ಬಿಳಿಗಾರದಲ್ಲಿ ಕಲೆಸಿ ಕಲೆಸಿ ನನ್ನ ಬೆರಳ ಸಂದಿ ಒಡೆದು ಹೋಗಿತ್ತು. ಡಬ್ಬಿ ತೆಗೆದುಕೊಳ್ಳುವ ನೆಪದಲ್ಲಿ ನಿನ್ನ ಕಣ್ಣ ಮುಂದೆಯೇ ಕೈ ಚಾಚಿದೆ. ನೀನು ನೋಡಲಿಲ್ಲ.

ಆಗ ರಶ್ಮಿ ನನ್ನನ್ನು ಒಂದು ಮಾತು ಕೇಳಿದಳು. "ಅಕ್ಕಾ, ನಿಮ್ಮವ್ವ ಎಲ್ಲಿದಾರೆ?" ನಾಲ್ಕು ವರ್ಷದಿಂದ ನೀನು ಅವಳ ಜೊತೆ ಇದ್ದೀಯ, ನನಗೆ ನೀನು ಏನಾಗಬೇಕೆಂದು ಅವಳಿಗೆ ಯಾರೂ ಹೇಳಿಯೇ ಇಲ್ಲ. "ನಿನ್ ಕೈ ಊದ್ತಾ ಇದಾರಲ್ಲ, ಅವರೇ" ಅಂದೆ. ಅವಳು ನಿನ್ನ ಮುಖ ನೋಡಿ ನಕ್ಕಳು. "ಸುಳ್ಳು! ಇದು ನಮ್ಮವ್ವ" ಅಂದಳು. ನೀನು "ಮಗೂ ಹತ್ರ ಅದೆಲ್ಲ ಯಾಕೀಗ? ಬಸ್ಸಿಗೆ ಹೊತ್ತಾಯ್ತು, ಹೊರಡು" ಎಂದು ನನ್ನನ್ನು ಕಳಿಸಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತ್ತು, ಏನು ನೋಡಿದೆನೋ ಗೊತ್ತಿಲ್ಲ. ಆ ಲೋಳೆ ಈಗ ಅಜ್ಜಿಯ ಪಾಲಾಗಿದೆ. ಟಿವಿ ನೋಡುತ್ತ ಹಿಚುಕುತ್ತಾಳೆ, ಕೇಳಿದರೆ ಕೊಡುವುದಿಲ್ಲ.

ಅಪ್ಪ ಬೀದಿಯಲ್ಲೆಲ್ಲ ನೀನು ಕೆಲಸಕ್ಕೆ ಹೋದದ್ದರಿಂದ ನಾನು ಶಾಲೆ ಬಿಟ್ಟೆ ಎಂದು ಹೇಳುತ್ತಾನೆ. ಅದು ಸುಳ್ಳು, ನಿನ್ನ ತಲೆಗೆ ಕಟ್ಟುವುದಿಲ್ಲ. ನನಗೆ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ನೀನು ಮನೆಯಲ್ಲಿದ್ದರೂ ಬಿಡುತ್ತಿದ್ದೆ. ರಶ್ಮಿ ಕೆಟ್ಟ ಮಗು ಅಲ್ಲ, ಅದನ್ನೂ ಹೇಳಬೇಕು. ನಾನು ಹೊರಡುವಾಗ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಟ್ಟಳು. ತಿನ್ನಲಿಲ್ಲ, ಪಕ್ಕದ ಮನೆಯ ಕಂಡಕ್ಟರ್ ಮಗಳಿಗೆ ಕೊಟ್ಟೆ. ಕಳೆದ ಸೋಮವಾರದಿಂದ ಪುಷ್ಪಮ್ಮನ ಟೈಲರಿಂಗ್ ಅಂಗಡಿಗೆ ಹೋಗುತ್ತಿದ್ದೇನೆ, ಕಾಜಾ ಹಾಕಲು, ಗುಂಡಿ ಹೊಲಿಯಲು. ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ, ನನ್ನ ಗುಣ ನಿನಗೆ ಗೊತ್ತಲ್ಲ. ಇಷ್ಟು ದಿನ ಬಿಟ್ಟಿಲ್ಲ ಎಂದು ಮಾತ್ರ ಹೇಳಬಲ್ಲೆ.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಒಂದು ಬೈಗುಳವನ್ನೂ ಹೇಳಿದ್ದಾಳೆ, ಅದನ್ನು ಬರೆಯುವುದಿಲ್ಲ. ಮೇಡಂ ಅವರಿಗೆ ನಮಸ್ಕಾರ ಹೇಳು. ಎಣ್ಣೆ ಹಚ್ಚಿಕೋ.

ಇಂತಿ,
ನಿನ್ನ ಸ್ವಂತ ಮಗಳು
ಕವನ

ತಾ.ಕ.: ಹೋಗಬೇಡ ಅವ್ವಾ. ಇಷ್ಟು ಉದ್ದ ಬರೆದದ್ದು ಇದೊಂದನ್ನು ಬರೆಯಲಾಗದೆ. ಹೋಗಬೇಡ ಎಂದು ಬರೆಯುತ್ತಿದ್ದೇನೆ ಅಂತ ಅಪ್ಪನಿಗೂ ಈಗಷ್ಟೇ ಹೇಳಿದೆ. "ನಿಂಗ್ ಬೇಕಾದ್ ಬರ್ಕೋ" ಎಂದು ಎದ್ದು ಹೊರಗೆ ಹೋದ, ಕಾಗದ ಕಿತ್ತುಕೊಳ್ಳಲಿಲ್ಲ. ರಶ್ಮಿ ಅಳುತ್ತಾಳೆ. ಅಳಲಿ. ಸ್ವಲ್ಪ ದಿನ ಅತ್ತು ಆಮೇಲೆ ಸುಮ್ಮನಾಗುತ್ತಾಳೆ. ನೀನು ಆ ಮನೆಗೆ ಹೋದಾಗ ನಾನೂ ಹಾಗೇ ಸುಮ್ಮನಾದೆ, ನೋಡಲು ನೀನು ಇರಲಿಲ್ಲ ಅಷ್ಟೆ.