ಹಾಲು ಬಿಡಿಸಲು ಹೈದರಾಬಾದಿಗೆ

ಹುಮನಾಬಾದ, ಗುರುವಾರ, 2 ಜೂನ್ 1977. ಬೆಳಗಿನ ನಾಲ್ಕು

ನನ್ನದೇ ಬಳೆಗಳ ಸದ್ದಿಗೆ ಎಚ್ಚರ. ಸುಗಂಧಾ ಕಣ್ಣು ತೆರೆಯದೆಯೇ ನನ್ನ ಬಳೆ ಹಿಡಿದು ಜಗ್ಗುತ್ತಿದ್ದಳು — ಹಾಲು ಬೇಕು ಅಂತ. ಈ ರಾತ್ರಿ ಮೂರನೆಯ ಸಲ. ಎರಡು ವರ್ಷ ತುಂಬುತ್ತ ಬಂತು, ಬಟ್ಟಲು ತುಟಿಗೆ ಹಿಡಿದರೆ ಬಾಯಿ ಬಿಗಿಯುತ್ತಾಳೆ. ನಿನ್ನೆ ಬೇವಿನೆಲೆ ಅರೆದು ಹಚ್ಚಿಕೊಂಡಿದ್ದೆ. ಮುಖ ಕಿವುಚಿದಳು, ನನ್ನ ಸೆರಗಿನಿಂದಲೇ ಒರೆಸಿದಳು, ಕುಡಿದಳು. ಜಾಣೆ. ನನ್ನ ಮಗಳಲ್ಲವೇ.

ಬರುವ ಬುಧವಾರ ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ಯೂಟಿಗೆ ಹಾಜರಾಗಬೇಕು. ಸೈನ್ಸ್ ಟೀಚರ್. ಬೆಳಗಿನ ಬಸ್ಸಿಗೆ ಹೋದರೆ ಮನೆ ಮತ್ತೆ ಸಂಜೆಗೇ. ಅಷ್ಟರೊಳಗೆ ಹಾಲು ಬಿಡಿಸಲೇಬೇಕು.

ಉಪಾಯ ಅತ್ತೆಯವರದು. ಜೋಳ ಹಸನು ಮಾಡುತ್ತ ಅಂದರು: "ನೀ ಕಣ್ಣಮುಂದ ಇರೋತನಕ ಅಕಿ ಬಿಡಂಗಿಲ್ಲ. ಮೂರು ರಾತ್ರಿ ಎಲ್ಲಿಗರೆ ಹೋಗು. ಮಂದಿ ತವರಿಗಿ ಹೋಗ್ತಾರ. ನಿನ್ನ ತವರು ಹಿಂದಿನ ಓಣ್ಯಾಗ ಅದ, ನಿನ್ನ ಮಗಳು ನಡಕೋತ ಬರ್ತಾಳ."

"ಮತ್ತೆಲ್ಲಿಗಿ ಹೋಗಲ್ರಿ ಅತ್ತಿ?"

"ಗಂಡನ್ನ ಕರಕೊಂಡು ಹೈದರಾಬಾದ್ ನೋಡಿ ಬಾ. ಲಗ್ನ ಆದಾಗಿಂದ ಚಾರ್‌ಮಿನಾರ್ ಕ್ಯಾಲೆಂಡರ್‌ನ್ಯಾಗ ನೋಡಾಕತ್ತೀರಿ."

ಇವರು ಸೋಮವಾರ, ಮಂಗಳವಾರ ರಜೆ ಹಾಕಿದ್ದಾರೆ. ಮಂಗಳವಾರ ವಾಪಸ್. ಲೆಕ್ಕ ಸರಿ ಕೂತಿದೆ. ಯಾವುದೂ ತಪ್ಪಲಿಕ್ಕಿಲ್ಲ.

ಹೈದರಾಬಾದ್, ಶನಿವಾರ, ರಾತ್ರಿ ಒಂಬತ್ತೂವರೆ

ನಾಂಪಲ್ಲಿಯ ಲಾಡ್ಜ್. ಮಗು ಮಲಗಿದ್ದಾಗಲೇ ಹೊರಟು ಬಂದೆವು. ಜಹೀರಾಬಾದ್ ದಾಟುವವರೆಗೆ ಇವರಿಗೆ ಬೆನ್ನು ಮಾಡಿ ಕಿಟಕಿಯ ಕಡೆಗೇ ಕೂತಿದ್ದೆ — ಆಮೇಲೆ ಸರಿಹೋದೆ.

ಮಧ್ಯಾಹ್ನ ಸಾಲಾರ್‌ಜಂಗ್ ಮ್ಯೂಸಿಯಂ. ಗಂಟೆ ಹೊಡೆಯುವ ಗಡಿಯಾರದ ಮುಂದೆ ಜಾತ್ರೆ. ಒಳಗಿಂದ ಪುಟ್ಟ ಮನುಷ್ಯನೊಬ್ಬ ಬಂದು ಗಂಟೆ ಬಾರಿಸಿ ಹೋಗುತ್ತಾನಂತೆ. ಎಲ್ಲರೂ ಉಸಿರು ಹಿಡಿದು ನಿಂತಿದ್ದಾಗ ಹಿಂದೆ ಯಾರದೋ ಕೂಸು ಅತ್ತಿತು. ಅಷ್ಟೇ... ಕುಪ್ಪಸ ಒದ್ದೆ. ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದೆ. ಆ ಮನುಷ್ಯ ಬಂದು ಹೋದನಂತೆ. ನಾನು ನೋಡಿದ್ದು ಗೋಡೆಯ ಸುಣ್ಣ.

ಚಾರ್‌ಮಿನಾರ್ ಹತ್ತಿರ ಇವರು ಎರಡು ಮೊಳ ಮಲ್ಲಿಗೆ ಕೊಂಡರು.

"ಇಷ್ಟ್ಯಾಕ್ರಿ? ಯಾರಿಗಿ ಇನ್ನೊಂದು ಮೊಳ?"

"ಅವ್ವ ಹೇಳ್ಯಾಳ. ತಲಿಗೊಂದು, ಎದಿಗೊಂದು. ಹಾಲು ಇಳಿತದಂತ."

ನಡುಬೀದಿಯಲ್ಲಿ ಅಂದರು ಇದನ್ನು. ಬಿ.ಎಸ್ಸಿ. ಓದಿದವಳು ನಾನು, ನಕ್ಕುಬಿಟ್ಟೆ. ರೂಮಿಗೆ ಬಂದು ಕಟ್ಟಿಕೊಂಡೆ. ತಣ್ಣಗಿದೆ, ಹಿತವಾಗಿದೆ. ಎದೆ ಮಾತ್ರ ಕಲ್ಲು.

ಆಮೇಲೆ ಕೆಳಗೆ ಕೌಂಟರಿನಿಂದ ಟ್ರಂಕ್ ಕಾಲ್. ನಮ್ಮ ಪಕ್ಕದ ಕಿರಾಣಿ ಅಂಗಡಿಯ ಅಜೀಮುದ್ದೀನ್ ಭಾಯ್ ಹತ್ತಿರ ಫೋನಿದೆ. ಅವರು ಅತ್ತೆಯವರನ್ನು ಕರೆದರು. ಸುಗಂಧಾ ಅವರ ಕಂಕುಳಲ್ಲಿ.

"ಎರಡು ಸಲ ಬಟ್ಟಲಾಗ ಕುಡದಾಳ. ಹಾದಿ ಹಿಡದಾಳ, ನೀ ಊರು ನೋಡು."

"ಅಕಿ ಕಿವಿಗಿ ಫೋನ್ ಹಚ್ರಿ. ಒಂದೇ ಮಾತು."

"ಬ್ಯಾಡವ್ವ. ಅಕಿ ಮರೆಯಾಕತ್ತಾಳ, ಮತ್ತ ನೆನಪು ಮಾಡಬ್ಯಾಡ."

ತಾಯಿ ಧ್ವನಿ ಕೇಳಿದರೆ ಮಗುವಿಗೆ ಧೈರ್ಯ ಬರುತ್ತದೆ. ಇದು ಸಾಮಾನ್ಯ ಜ್ಞಾನ. ಹಟ ಹಿಡಿದೆ. ಹಚ್ಚಿದರು. ಸುಗಂಧಾ ಅಂದೆ. ಸಣ್ಣ ಉಸಿರು ಅಷ್ಟೇ. ಬಳೆ ಅಲ್ಲಾಡಿಸಿದೆ. ಉಸಿರು ನಿಂತಿತು... ಮೂರು ನಿಮಿಷ ಮುಗಿದು ಲೈನ್ ಕಟ್.

ಒಳ್ಳೆಯದೇ ಆಯಿತು. ಇನ್ನು ಹಾಯಾಗಿ ಮಲಗುತ್ತಾಳೆ.

ಭಾನುವಾರ, ಮಧ್ಯಾಹ್ನ, ಗೋಲ್ಕೊಂಡ

ಕೆಳಗಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳುತ್ತದೆ. ಇವರು ಹತ್ತಿ ಹೋದರು, ನಾನು ಕೆಳಗೆ ನಿಂತು ತಟ್ಟಿದೆ. ತುದಿಯಲ್ಲಿ ಕರವಸ್ತ್ರ ಬೀಸಿದ್ದು ಕಂಡಿತು. ಇಳಿದು ಬಂದು ಅಂದರು: "ನಿನ್ನ ಚಪ್ಪಾಳಿ ಬ್ಯಾರೆ ಗೊತ್ತಾಗ್ತದ. ಪೊಲೀಸ್ ಬಾಗಲಾ ಬಡದಂಗ."

ಬಹಳ ದಿನಗಳ ಮೇಲೆ ಇಷ್ಟು ನಕ್ಕೆ. ನಾಳೆ ಪೇಟೆ ಸುತ್ತಾಟ. ಬುಧವಾರಕ್ಕೆ ನೀಲಿ ಸೀರೆ. ಎಲ್ಲ ನೆಟ್ಟಗಿದೆ.

ಭಾನುವಾರ, ರಾತ್ರಿ ಎಂಟು

ಮತ್ತೆ ಫೋನ್ ಮಾಡಿದೆ. ಅಜೀಮುದ್ದೀನ್ ಭಾಯ್ ಧ್ವನಿಯಲ್ಲಿ ಎಂದಿನ ಚೇಷ್ಟೆ ಇಲ್ಲ.

"ಟೀಚರಮ್ಮ, ನಿಮ್ಮ ಮಗಳು ನಿನ್ನಿಯಿಂದ ನನ್ನ ಫೋನ್ ಬಿಡವಲ್ಲಳು. ಇದರಾಗ ಅವ್ವ ಅದಾಳ ಅಂತ ಬೆರಳು ಹಾಕಾಕತ್ತಾಳ. ನಮ್ಮ ಮನ್ಯಾಕಿ ತಾಹೇರಾ ಕೈಯಾಗಿನ ಬಳಿ ತೆಗದಿಟ್ಟು ಎತ್ತಿಕೊಂಡಾಳ — ಬಳಿ ಸಪ್ಪಳ ಆದ್ರ ಅಳ್ತಾಳ."

"ಹಾಲು?"

"ಬಟ್ಟಲ ಕೈಲೇ ಒಗದಾಳ. ಮುಂಜಾನಿಂದ ನೀರು ಬಿಟ್ರ ಏನಿಲ್ಲ. ಮೈ ಸ್ವಲ್ಪ ಬೆಚ್ಚಗದ. ನಿಮ್ಮ ಅತ್ತಿಯವ್ರು ಈಗ ಹಾಲಿಗಿ ಬೆಲ್ಲ ಹಾಕಿ ಕುಡಸಾಕತ್ತಾರ. ಕುಡದ್ರೂ ಹೇಳ್ತೀನಿ, ಕುಡೀಲಿಲ್ಲಂದ್ರೂ ಹೇಳ್ತೀನಿ. ನಂಬರ್ ಕೊಡ್ರಿ..."

ನಂಬರ್ ಕೊಟ್ಟೆ. ಪೂರ್ತಿ ಕೇಳಿಸಿತೋ ಇಲ್ಲವೋ, ಲೈನ್ ಹೋಯಿತು. ಮತ್ತೆ ಬುಕ್ ಮಾಡಿದೆ. ಎಕ್ಸ್‌ಚೇಂಜಿನವಳು ಲೈನ್ ಇಲ್ಲ ಅಂದಳು. ಇನ್ನೊಮ್ಮೆ ಕೇಳಿದ್ದಕ್ಕೆ ಬೈದಳು.

ಇವರು ಅಂದರು, "ನಾಳೆ ಮೊದಲ ಬಸ್ಸಿಗೇ ಹೋಗೂಣಲಾ."

ಅದೇ ತಿಳಿಯುತ್ತಿಲ್ಲ. ಅವಳು ಕುಡಿದಿದ್ದರೆ, ನಾನು ಹೋದೆನೆಂದರೆ ನಿನ್ನೆ ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಎಲ್ಲ ಮೊದಲಿನಿಂದ. ಬುಧವಾರದ ಮಾತೂ ಮುಗಿಯಿತು. ಕುಡಿದಿಲ್ಲವೆಂದರೆ — ನನಗೆ ಯಾವ ಶಾಲೆಯೂ ಬೇಡ. ಐದಕ್ಕೆ ಬಸ್ಸು. ಅಷ್ಟರೊಳಗೆ ತಿಳಿಯಬೇಕು.

ಭಾನುವಾರ ರಾತ್ರಿಯೇ. ಗಡಿಯಾರ ನೋಡಿಲ್ಲ

ಇವರು ಬ್ಯಾಗು ಕಟ್ಟಿಟ್ಟು ಮಲಗಿದ್ದಾರೆ. ನಾನು ಕೆಳಗೆ ಬಂದು ಕೌಂಟರಿನ ಬೆಂಚಿನ ಮೇಲೆ ಕೂತಿದ್ದೇನೆ. ಮ್ಯಾನೇಜರ್ ಫೋನನ್ನು ನನ್ನ ಕಡೆಗೆ ಸರಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಾನೆ. ಬಳೆ ತೆಗೆದು ಪರ್ಸಿಗೆ ಹಾಕಿದೆ. ಮಲ್ಲಿಗೆಯನ್ನೂ ಬಿಚ್ಚಿದೆ, ಬಾಡಿತ್ತು. ಅವಳಿಗೆ ಬೇಕಾದರೆ ಬೇಕಾದಷ್ಟಿದೆ ಹಾಲು. ಮಲ್ಲಿಗೆ ಕಟ್ಟಿಕೊಂಡರೂ ಬತ್ತಿಲ್ಲ.

ಅತ್ತಿ, ನಿಮ್ಮ ಮಾತು ಕೇಳಲಿಲ್ಲ. ಬಂದ ಮೇಲೆ ಎಷ್ಟು ಬೇಕಾದರೂ ಬೈಯಿರಿ. ಈಗ ಅಜೀಮುದ್ದೀನ್ ಭಾಯ್‌ನ ಎಬ್ಬಿಸ್ರಿ. ಬೆಳಗಾಗುವ ಮೊದಲು ಒಂದು ಫೋನ್ ಮಾಡಿಸ್ರಿ. ಕುಡಿದಳು ಅನ್ರಿ, ಇಲ್ಲ ಬಾ ಅನ್ರಿ, ಒಂದೇ ಮಾತು. ಅವಳನ್ನು ಫೋನಿಗೆ ತರಬೇಡಿ. ನಾನು ಅವಳ ಹೆಸರು ಹೇಳುವುದಿಲ್ಲ, ಮಾತೇ ಆಡುವುದಿಲ್ಲ, ಬರೀ ಕೇಳುತ್ತೇನೆ. ಫೋನ್ ಮಾಡಿಸ್ರಿ ಅತ್ತಿ, ಐದರೊಳಗೆ, ನಾನು ಇಲ್ಲೇ ಕೂತಿರುತ್ತೇನೆ.