ಮೇ ತಿಂಗಳ ನೇರಳೆ

ಏಪ್ರಿಲ್ 12, ಶನಿವಾರ. ಹನೂರು

ಬೆಳಿಗ್ಗೆಯೇ ಕಾಡಿನ ಟ್ರೇಲ್. ಪ್ರತಿ ತಿಂಗಳಿನ ಹಾಗೇ ಟ್ಯಾಗ್ ಹಾಕಿದ ಮರಗಳ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಚಿಗುರೆಷ್ಟು, ಹೂವೆಷ್ಟು, ಕಾಯಿ ಎಷ್ಟು ಅಂತ ಬರೆದುಕೊಂಡೆ. ಮುತ್ತುಗ ಮುಗಿಯಿತು. ಕಕ್ಕೆ ಶುರು. ಹಳ್ಳದ ನೇರಳೆಗಳು ಮಾತ್ರ ಬಾಕಿ. ಪುಟ್ಟಮಾದಪ್ಪ ಇಳಿಯಲು ಬಿಡಲಿಲ್ಲ. ಅಜ್ಜೀಪುರದವರು, ಶುರುವಿನಿಂದಲೂ ನನ್ನ ಜೊತೆ ಕಾಡಿಗೆ ಬರುವವರು. ಮರ ನೋಡುವುದು ನನ್ನ ಕೆಲಸ, ಪ್ರಾಣಿ ನೋಡುವುದು ಅವರದು.

"ಆನೆ ಲದ್ದಿ ಇನ್ನೂ ಬಿಸಿ ಅದ ಮೇಡಮ್. ಹಳ್ಳ ಮುಂದಿನ್ ತಿಂಗ್ಳು ನೋಡವ."

ಸರಿ ಅಂದೆ.

ಮೇ 10, ಶನಿವಾರ

ನಾಳೆ ಟ್ರೇಲ್. ಈ ಸಲ ಹಳ್ಳ ಬಿಡುವ ಹಾಗಿಲ್ಲ. ನೇರಳೆ ಹಣ್ಣಾದ ಮೇಲೆ ಅಲ್ಲಿ ಕರಡಿ, ಆಗ ಇಳಿಯುವುದಿಲ್ಲ—ನಮ್ಮಿಬ್ಬರ ನಿಯಮ. ಆದರೆ ಹಣ್ಣಾಗುವುದು ಜೂನ್ ಕೊನೆಗೆ. ಹಳೆಯ ಶೀಟ್‌ಗಳನ್ನೆಲ್ಲ ತೆಗೆದು ನೋಡಿದೆ. ಒಂದು ವರ್ಷವೂ ಅದಕ್ಕೆ ಮೊದಲಿಲ್ಲ. ಫೋನಿನಲ್ಲಿ ಪುಟ್ಟಮಾದಪ್ಪನವರೂ ಅದನ್ನೇ ಹೇಳಿದರು—"ಇನ್ನೂ ಕಾಯೇ ಕಣ್ ಮೇಡಮ್. ಬಿರ್ರನೆ ಇಳ್ದು ಬಂದ್ಬುಡವ."

ಮೇ 13. ಮೈಸೂರು, ಆಸ್ಪತ್ರೆ

ಇವತ್ತು ಬರೆಯದಿದ್ದರೆ ಇನ್ನು ಬರೆಯಲಾರೆ.

ಮೊನ್ನೆ ಹಳ್ಳಕ್ಕೆ ಇಳಿದೆವು. ಪುಟ್ಟಮಾದಪ್ಪ ಮುಂದೆ. ನೆಲವೆಲ್ಲ ಕಡುನೀಲಿ, ಕೊಳೆತ ಹಣ್ಣಿನ ಹುಳಿ ವಾಸನೆ. ತಲೆಯೆತ್ತಿದೆ. ಮರದ ತುಂಬ ಹಣ್ಣು, ಮೇ ತಿಂಗಳಲ್ಲಿ! ಸಂತೋಷವಾಯಿತು ನನಗೆ. ಹೌದು, ಸಂತೋಷ. ಮೊದಲು ಅದೇ ಆದದ್ದು.

"ಮೇಡಮ್, ಹಿಂದಕ್..."

ಪೊದೆಯಿಂದ ಕರಡಿ. ಬೆನ್ನ ಮೇಲೆ ಮರಿ. ನೇರ ಅವರ ಮುಖಕ್ಕೇ. ಸ್ಟೀಲ್ ಬಾಟಲಿಯನ್ನು ಬಂಡೆಗೆ ಬಡಿಯುತ್ತ ಕಿರುಚಿದೆ, ಕಿರುಚುತ್ತಲೇ ಇದ್ದೆ. ಅದು ಹೋದದ್ದೂ ಗೊತ್ತಾಗಲಿಲ್ಲ. ಅವರ ಮುಖಕ್ಕೆ ನನ್ನ ದುಪಟ್ಟಾ ಸುತ್ತಿದೆ. ನನ್ನ ಭುಜ ಹಿಡಿದು ರಸ್ತೆವರೆಗೂ ನಡೆದೇ ಬಂದರು. ಯಾರದೋ ಜೀಪು. ಕೊಳ್ಳೇಗಾಲ. ಅಲ್ಲಿಂದ ಇಲ್ಲಿಗೆ.

ಅವರ ಎಡಗಣ್ಣು ಹೋಯಿತು. ದವಡೆಗೆ ತಂತಿ ಹಾಕಿದ್ದಾರೆ.

ಅವರ ಹೆಂಡತಿ ಮಹಾದೇವಮ್ಮ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ಕೈ ಮುಟ್ಟಿ ನೋಡಿ, "ನಿಂಗ ಯಾನೂ ಆಗ್ನಿಲ್ವಾ ತಾಯಿ?" ಅಂದರು.

ಬೈದಿದ್ದರೆ ಚೆನ್ನಾಗಿತ್ತು.

ಮೇ 29. ಅಗರ

ಅಮ್ಮನ ಮನೆ. ನಿದ್ದೆ ಇಲ್ಲ. ಅಮ್ಮನದು ಒಂದೇ ಮಾತು—"ಬುಟ್ಬುಡು ಕಣವ್ವ ಆ ಕೆಲ್ಸವ. ಮರ ಯಾವಾಗ ಹೂ ಬುಟ್ರ ನಿಂಗೇನು?"

ನಮ್ಮ ಮರಗಳ ಪ್ರಾಜೆಕ್ಟಿನ ಮುಖ್ಯಸ್ಥ ಷಡಕ್ಷರಿ ಸರ್ ಫೋನ್ ಮಾಡಿದ್ದರು. ಪುಟ್ಟಮಾದಪ್ಪನವರನ್ನು ವಿಚಾರಿಸಿಕೊಂಡರು. ಆಮೇಲೆ, ಹಣ್ಣು ಇಷ್ಟು ಬೇಗ ಆದದ್ದು ದೊಡ್ಡ ವಿಷಯ ಭವ್ಯಶ್ರೀ, ಖಚಿತ ತಾನೇ, ಅಂದರು.

ಖಚಿತ ಸರ್, ಅಂದೆ.

ಜುಲೈ 6. ಅಜ್ಜೀಪುರ

ಪುಟ್ಟಮಾದಪ್ಪ ಜಗಲಿಯಲ್ಲಿ ಕೂತಿದ್ದರು. ಮುಖಕ್ಕೆ ಅಡ್ಡ ಟವೆಲ್. ಗಂಜಿ ಕುಡಿದರೆ ತುಟಿಯ ಒಂದು ಕಡೆಯಿಂದ ಇಳಿಯುತ್ತದೆ, ಅವರಿಗೆ ತಿಳಿಯುವುದಿಲ್ಲ. ಮಹಾದೇವಮ್ಮ ಸೆರಗಿನಿಂದ ಒರೆಸುತ್ತಾರೆ.

"ಶನಿವಾರ ನಾನೇ ಬತ್ತೀನಿ ಮೇಡಮ್. ಬ್ಯಾರೆಯವ್ರ ಕರೀಬ್ಯಾಡಿ."

ಬೇಡ ಅಂದೆ. ಕೇಳಲಿಲ್ಲ. ಮಹಾದೇವಮ್ಮ ಎದ್ದು ಒಳಗೆ ಹೋದರು. ನಾನು ಹೊರಡುವಾಗಲೂ ಹೊರಗೆ ಬರಲಿಲ್ಲ.

ಜುಲೈ 12, ಶನಿವಾರ. ಹನೂರು

ಬಂದರು. ಇಸ್ತ್ರಿ ಮಾಡಿದ ಅಂಗಿ. ರಸ್ತೆ ಬಿಟ್ಟು ಕಾಡಿನ ದಾರಿಗೆ ಕಾಲಿಟ್ಟೆವು. ಪೊದೆಯಿಂದ ಕೌಜುಗ ಹಕ್ಕಿ ಪುರ್ರನೆ ಎದ್ದಿತು. ಅವರು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಅಲ್ಲೇ ಕುಸಿದರು.

"ನೀವ್ ಓಗ್ಬನ್ನಿ. ನಾ ಇಲ್ಲೇ ಇರ್ತೀನಿ."

ನಾಲ್ಕು ಹೆಜ್ಜೆ ಹೋದೆ. ಮುಂದಿನ ಪೊದೆ ಕಂಡು ನಿಂತುಬಿಟ್ಟೆ. ಹಿಂದಿರುಗಿ ಬಂದು, ಮಂಡಿ ನೋವು ಅಂದೆ. ಮೋರಿ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಬೆಟ್ಟದ ಬಸ್ಸು ಹೋಯಿತು. ಇನ್ನೊಂದೂ ಹೋಯಿತು.

"ಇವತ್ತು ಯಾನ ಬರ್ಕತೀರಿ?"

"ನೋಡಲಿಲ್ಲ ಅಂತ."

"ಇಲ್ಲಿಂದ ಕಾಣಾದ್ನಾದ್ರೂ ಬರ್ಕಳಿ." ಬೈನಾಕ್ಯುಲರ್‌ಗೆ ಕೈ ಚಾಚಿದರು. ಎರಡೂ ಕಣ್ಣಿಗೆ ಇಟ್ಟುಕೊಂಡರು. ಹಾಗೇ ಇದ್ದರು. ಆಮೇಲೆ ಮೆಲ್ಲಗೆ ಬಲಗಣ್ಣಿಗೆ ಸರಿಸಿದರು. ರಸ್ತೆಯಾಚೆ, ದೂರದಲ್ಲಿ ಒಂದು ಹೊನ್ನೆ ಮರ.

"ತುದೀಲಿ ಅಳದಿ ಕಾಣ್ತದ. ಊವಾ, ಒಣಗಿದ್ ಎಲೆಯಾ... ನಂಗ ತಿಳೀನಿಲ್ಲ ಮೇಡಮ್. ನೀವೇ ನೋಡಿ ಏಳಿ."

ತೆಗೆದುಕೊಂಡೆ. ಫೋಕಸ್ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಅವರು ಕಾಯುತ್ತಿದ್ದರು. ಗಾಜೆಲ್ಲ ಒದ್ದೆ, ಏನೂ ಕಾಣಲಿಲ್ಲ.